ಗುರುಶಾಂತಪ್ಪನ ಫೋನು ಭೀಮೆಗೆ ಬಿದ್ದದ್ದು

ಜೇವರ್ಗಿಯಲ್ಲಿ ಗುರುಶಾಂತಪ್ಪನನ್ನು ಕೇಳದೆ ಮದುವೆಯ ಮಾತು ಎತ್ತಬಾರದು ಎಂಬ ಕಾನೂನೇನೂ ಇರಲಿಲ್ಲ. ಗುರುಶಾಂತಪ್ಪ ಮಾತ್ರ ಹಾಗೊಂದು ಕಾನೂನು ಇದೆಯೆಂದೇ ನಂಬಿ ಓಡಾಡುತ್ತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯ ತುಂಬ ವಿಭೂತಿ, ಎದೆಯ ಜೇಬಿನಿಂದ ಅರ್ಧ ಹೊರಗೆ ಇಣುಕುವ ದೊಡ್ಡ ಫೋನು. ಚಹಾದ ಅಂಗಡಿಯಲ್ಲಿ ಕೂತರೆ ಮೊದಲು ಫೋನನ್ನು ಮೇಜಿನ ಮೇಲೆ ಇಡುವನು, ಆಮೇಲೆ ತಾನು ಕೂಡುವನು.

ಹರೆಯದಲ್ಲಿ ಅವನು ಬಸ್ ಸ್ಟ್ಯಾಂಡಿನ ಹಿಂದಿನ ಜವಳಿ ಅಂಗಡಿಯೊಂದರಲ್ಲಿ ಸೀರೆ ಹರವಿ ತೋರಿಸುವ ಕೆಲಸದಲ್ಲಿದ್ದ. ಮದುವೆಯ ಬಟ್ಟೆ ಕೊಳ್ಳಲು ಇಡೀ ಮನೆತನ ಬಂದು ಗಾದಿಯ ಮೇಲೆ ಕೂತಾಗ ಯಾರ ಹೆಣ್ಣು ಯಾರ ಮನೆಗೆ, ಯಾವ ಅತ್ತೆ ಯಾವ ಬಣ್ಣಕ್ಕೆ ಮುಖ ಸಿಂಡರಿಸಿದಳು, ಯಾವ ಬೀಗರು ಮಾತಿನ ನಡುವೆ ಎದ್ದು ಹೋದರು ಎಂಬುದೆಲ್ಲ ಅವನ ಕಿವಿಗೆ ಬೀಳುತ್ತಿತ್ತು. ಸೀರೆಯ ನೂಲಿನ ಬಗ್ಗೆ ಅವನಿಗೆ ಕೊನೆಯವರೆಗೂ ಏನೂ ತಿಳಿಯಲಿಲ್ಲ. ಸಂಬಂಧಗಳ ಬಗ್ಗೆ ಮಾತ್ರ ಎಲ್ಲವೂ ತಿಳಿಯಿತು ಎಂದುಕೊಂಡ. ಮಾಲೀಕರು ಅಂಗಡಿ ಮುಚ್ಚಿ ಸೊಲ್ಲಾಪುರಕ್ಕೆ ಹೋದ ಮೇಲೆ ಅವನು ಬೇರೆ ಕೆಲಸ ಹುಡುಕಲಿಲ್ಲ. ಮನೆ ನಡೆದದ್ದು ಹೆಂಡತಿ ಮಹಾನಂದಾಳ ಹೊಲಿಗೆ ಮಷೀನಿನಿಂದ. ಗುರುಶಾಂತಪ್ಪ ಸಮಾಜ ಸೇವೆಗೆ ಇಳಿದ.

ಸಮಾಜ ಸೇವೆ ಎಂದರೆ ಗಂಡು ಹೆಣ್ಣು ಕೂಡಿಸುವುದು. ಇದಕ್ಕಾಗಿ ಅವನು ಯಾರಿಂದಲೂ ಒಂದು ರೂಪಾಯಿ ಮುಟ್ಟಲಿಲ್ಲ. ಅದನ್ನು ಅವನೇ ದಿನಾ ಹೇಳುತ್ತಿದ್ದುದರಿಂದ ಊರಿಗೆಲ್ಲ ಗೊತ್ತಿತ್ತು. ಅವನಿಗೆ ಬೇಕಾದದ್ದು ಬೇರೆ. ಹೆಣ್ಣು ನೋಡುವ ಶಾಸ್ತ್ರಕ್ಕೂ ನಿಶ್ಚಯಕ್ಕೂ ನಡುವಿನ ಕಾಲದಲ್ಲಿ ಎರಡೂ ಮನೆಯವರು ಮಧ್ಯಸ್ಥನನ್ನು ಅಳಿಯನಿಗಿಂತ ಹೆಚ್ಚು ನೋಡಿಕೊಳ್ಳುತ್ತಾರೆ. ಬಾಗಿಲಿಗೆ ಬಂದರೆ ಕುರ್ಚಿ ಬರುತ್ತದೆ, ಕುರ್ಚಿಯ ಹಿಂದೆ ಒಗ್ಗರಣೆ ಹಾಕಿದ ಮಂಡಕ್ಕಿಯ ಸುಸಲಾ, ಮಿರ್ಚಿ ಭಜಿ, ಕೆನೆ ತೇಲುವ ಚಹಾ ಬರುತ್ತವೆ. ಮದುವೆ ಮುಗಿಯಿತೋ, ಪೆಂಡಾಲಿನವನನ್ನು ನೆನೆಯುವಷ್ಟೂ ಅವನನ್ನು ಯಾರೂ ನೆನೆಯುವುದಿಲ್ಲ. ಇದನ್ನು ಅರ್ಥ ಮಾಡಿಕೊಂಡ ಗುರುಶಾಂತಪ್ಪ ನಡುವಿನ ಕಾಲವನ್ನು ಎಳೆಯುವುದನ್ನು ಕಲಿತ. ಆರು ವಾರದಲ್ಲಿ ಮುಗಿಯುವ ಮಾತು ಅವನ ಕೈಯಲ್ಲಿ ಒಂದು ಬೆಳೆಯ ಕಾಲ ನಡೆಯುತ್ತಿತ್ತು.

ಎಳೆಯಲು ಬೇಕಾದ ಹಗ್ಗವೆಲ್ಲ ಆ ಫೋನಿನಲ್ಲಿತ್ತು. ವಧು-ವರರ ಗುಂಪೊಂದನ್ನು ಅವನು ಅದರಲ್ಲಿ ಮಾಡಿಕೊಂಡಿದ್ದ. ಬಯೋಡಾಟಾದ ಕಾಗದದ ಫೋಟೊ ತೆಗೆಯುವಾಗ ಕೆಳಗಿನ ಫೋನ್ ನಂಬರಿನ ಮೇಲೆ ತನ್ನ ಹೆಬ್ಬೆರಳು ಇಟ್ಟು ತೆಗೆಯುತ್ತಿದ್ದ. ಗುಂಪಿನಲ್ಲಿ ಬಂದ ಪ್ರತಿ ಹುಡುಗಿಯ ವಿವರದ ಕೆಳಗೆ ಒಂದು ದಪ್ಪ ಹೆಬ್ಬೆರಳು ಇರುತ್ತಿತ್ತು. ಹೆಣ್ಣಿನ ಕಡೆಯವರಿಗೆ ಗಂಡಿನವರ ನಂಬರು ಸಿಗಬಾರದು, ಗಂಡಿನವರಿಗೆ ಹೆಣ್ಣಿನವರದು ಸಿಗಬಾರದು. ಯಾರಾದರೂ ಕೇಳಿದರೆ, ಬೀಗರು ನೇರ ಮಾತಾಡಿದರೆ ಮಾತಿಗೆ ಮಾತು ಬೆಳೆದು ಸಂಬಂಧ ಕೆಡುತ್ತದೆ, ನಾನಿದ್ದೇನಲ್ಲ ಎನ್ನುತ್ತಿದ್ದ. ನಂಬರುಗಳನ್ನು ಬೇರೆಲ್ಲಿಯೂ ಇಟ್ಟಿರಲಿಲ್ಲ. ಇಟ್ಟರೆ ಕದಿಯುತ್ತಾರೆ ಎಂಬುದು ಅವನ ಅಂಜಿಕೆ.

ಆ ಚಳಿಗಾಲದಲ್ಲಿ ಅವನ ಕೈಯಲ್ಲಿದ್ದ ದೊಡ್ಡ ಮಾತು ಇಜೇರಿಯ ಗೌರಾಬಾಯಿಯ ಮಗಳದು. ಗೌರಾಬಾಯಿ ವಿಧವೆ. ಗಂಡನ ಅಣ್ಣ ಹುಲೆಪ್ಪನೇ ಮನೆಗೆ ಹಿರಿಯ. ಮಗಳು ವಿದ್ಯಾವತಿ ಯಡ್ರಾಮಿಯಲ್ಲಿ ನರ್ಸ್. ಹುಡುಗ ಆಳಂದದ ಸಂತೋಷಕುಮಾರ. ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟಿದ್ದ. ತಂದೆಯಿಲ್ಲ, ತಾಯಿ ಭುವನೇಶ್ವರಿ ಇದ್ದಳು. ದೀಪಾವಳಿಯ ಮುಂಚೆ ತಾಯಿ ಮಗ ಇಜೇರಿಗೆ ಬಂದು ಹುಡುಗಿಯನ್ನು ನೋಡಿದರು. ಹುಲೆಪ್ಪ ಆ ದಿನ ಕಣ್ಣಿನ ಆಪರೇಷನ್ನಿಗೆಂದು ಸೊಲ್ಲಾಪುರದಲ್ಲಿದ್ದ. ಹುಡುಗ ಹುಡುಗಿ ಒಪ್ಪಿದರು, ತಾಯಂದಿರೂ ಒಪ್ಪಿದರು. ಅಲ್ಲಿಗೆ ಮಾತು ಮುಗಿಯಬೇಕಿತ್ತು.

ಗುರುಶಾಂತಪ್ಪ ಮುಗಿಯಗೊಡಲಿಲ್ಲ. ಇಜೇರಿಗೆ ಹೋಗಿ, ಹುಡುಗನ ತಾಯಿಗೆ ಸೊಸೆ ನೌಕರಿ ಮಾಡುವುದು ಮನಸ್ಸಿಗೆ ಬಂದಿಲ್ಲ, ನಾನು ತಿಳಿಹೇಳುತ್ತಿದ್ದೇನೆ ಎಂದ. ಆಳಂದಕ್ಕೆ ಹೋಗಿ, ಹೆಣ್ಣಿನವರು ತೊಗರಿ ಕೊಯ್ದು ರಾಶಿ ಆಗಲಿ ಎಂದಿದ್ದಾರೆ ಎಂದ. ಭುವನೇಶ್ವರಿ ರಾಶಿ ಮುಗಿಯುವವರೆಗೆ ಕಾದಳು. ರಾಶಿ ಮುಗಿಯಿತು. ಆಗ ಗುರುಶಾಂತಪ್ಪ ಆಳಂದದ ಮನೆಯಲ್ಲಿ ಭಜಿ ತಿನ್ನುತ್ತ, ಇಜೇರಿಯ ಹುಲೆಪ್ಪನವರು ಲಿಂಗೈಕ್ಯರಾದರು ಎಂದುಬಿಟ್ಟ. ಶರಣರ ಹಾದಿ ಹಿಡಿದ ಮನೆಯಲ್ಲಿ ಸೂತಕದ ಮಾತು ನಡೆಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಅದಕ್ಕೆ ಸೂತಕ ಎನ್ನದೆ ‘ದುಃಖದ ಮನೆ’ ಎಂದ, ಯುಗಾದಿಯವರೆಗೆ ಮಾತು ಎತ್ತುವುದು ಬೇಡ ಎಂದ. ಮಾತಾಡಿಸಿಕೊಂಡು ಬರುತ್ತೇನೆ ಎಂದು ಹೊರಟ ಭುವನೇಶ್ವರಿಯನ್ನು ತಾನೇ ತಡೆದ. ಇತ್ತ ಇಜೇರಿಯಲ್ಲಿ ವಿದ್ಯಾವತಿ, ಮೂರು ವರ್ಷ ಓದಿ ಹಿಡಿದ ನೌಕರಿಯನ್ನು ಬಿಡಬೇಕೋ ಹುಡುಗನನ್ನು ಬಿಡಬೇಕೋ ತಿಳಿಯದೆ ಊಟ ಬಿಟ್ಟಿದ್ದಳು. ಗುರುಶಾಂತಪ್ಪನಿಗೆ ಅದೂ ಗೊತ್ತಿತ್ತು. ಗೌರಾಬಾಯಿಯೇ ಹೇಳಿದ್ದಳು. ಹೇಳುವಾಗ ಚಹಾ ಕೊಟ್ಟಿದ್ದಳು.

ಹೀಗಿರುವಾಗ ಅಮಾವಾಸ್ಯೆ ಬಂತು. ಗುರುಶಾಂತಪ್ಪ ಘತ್ತರಗಿಗೆ ಹೋದ. ಭಾಗ್ಯವಂತಿ ದೇವಿಯ ದರ್ಶನಕ್ಕೆ ಮೊದಲು ಭೀಮಾ ನದಿಯಲ್ಲಿ ಮುಳುಗಬೇಕು. ಮುಳುಗುವುದನ್ನು ಗುಂಪಿನವರಿಗೆಲ್ಲ ತೋರಿಸಬೇಕು. ಎಡಗೈಯಲ್ಲಿ ಫೋನು ಎತ್ತಿ ಹಿಡಿದು, ಬಲಗೈಯಿಂದ ಮೂಗು ಒತ್ತಿಕೊಂಡು, ಕಣ್ಣು ಮುಚ್ಚಿ ಭಕ್ತಿಯ ಮುಖ ಮಾಡಿಕೊಂಡು ಇಳಿದ. ಪಾಚಿಗಟ್ಟಿದ ಕಲ್ಲಿನ ಮೇಲೆ ಕಾಲಿಟ್ಟ. ಭಕ್ತನೂ ಫೋನೂ ಒಟ್ಟಿಗೇ ನೀರಿಗೆ ಬಿದ್ದರು. ತೊಡೆಯುದ್ದ ನೀರು. ಮುಳುಗಿ ಸಾಯುವಂಥದ್ದಲ್ಲ. ಆದರೆ ಅವನು ತಳದ ಕೆಸರಿನಲ್ಲಿ ಎರಡೂ ಕೈಯಿಂದ ಬಾಚುತ್ತ ಕೂಗಿದ ಕೂಗಿಗೆ ಯಾರದೋ ಮಗು ಕೊಚ್ಚಿಹೋಯಿತೆಂದು ಜನ ಓಡಿ ಬಂದರು. ಫೋನು ಎಂದು ತಿಳಿದ ಮೇಲೆ ಬೈಯುತ್ತ ಮೇಲೆ ಹೋದರು.

ಫೋನು ಸಿಕ್ಕಿತು. ಸಿಕ್ಕ ಕೂಡಲೇ ಮಾಡಬಾರದ ಮೊದಲ ಕೆಲಸವನ್ನು ಮಾಡಿದ. ಗುಂಡಿ ಒತ್ತಿದ. ಪರದೆ ಒಮ್ಮೆ ಬೆಳಗಿತು, ಅದರ ಮೇಲೆ ಹಸಿರು ಗೆರೆಗಳು ಎದ್ದವು, ಆರಿತು. ಮತ್ತೆ ಒತ್ತಿದ, ಜಾಡಿಸಿದ, ಬಾಯಿಯಿಂದ ಊದಿದ. ಒಣಗಿಸೋಣವೆಂದು ಸಿಮ್ ಹೊರಗೆಳೆದ. ಅದು ಒದ್ದೆ ಬೆರಳಿನಿಂದ ಜಾರಿ ಮೆಟ್ಟಿಲುಗಳ ಕಲ್ಲಿನ ಸಂದಿಗೆ ಬಿತ್ತು, ಮತ್ತೆ ಸಿಗಲಿಲ್ಲ. ಅದೇ ನಂಬರಿನ ಹೊಸ ಸಿಮ್ ಕೇಳೋಣವೆಂದರೆ ಹಳೆಯದು ಇದ್ದದ್ದು ಜವಳಿ ಅಂಗಡಿಯ ಮಾಲೀಕರ ಹೆಸರಿನಲ್ಲಿ. ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಅವನಿಗೆ ಇಷ್ಟು ವರ್ಷ ಪುರುಸೊತ್ತಾಗಿರಲಿಲ್ಲ, ಸಮಾಜ ಸೇವೆ ಇತ್ತಲ್ಲ. ದರ್ಶನ ಮಾಡದೆಯೇ ಒದ್ದೆ ಧೋತ್ರದಲ್ಲಿ ಬಸ್ಸು ಹತ್ತಿದ.

ಫೋನನ್ನು ಅಕ್ಕಿಯಲ್ಲಿ ಹುಗಿದರೆ ನೀರು ಹೀರುತ್ತದೆ ಎಂದು ಬಸ್ಸಿನಲ್ಲಿ ಒಬ್ಬರು ಹೇಳಿದರು. ಮನೆಯಲ್ಲಿ ಮಹಾನಂದಾ ರೇಷನ್ ಅಕ್ಕಿಯ ಡಬ್ಬಿ ತೆಗೆದುಕೊಟ್ಟಳು. ಡಬ್ಬಿಯ ತಳದಲ್ಲಿ ಇದ್ದದ್ದು ಒಂದು ಹಿಡಿ ನುಚ್ಚು. ಅದು ಸಾಲದೆಂದು ಜೋಳದ ಚೀಲಕ್ಕೆ ಹಾಕಿದ. ಹಾಕಿದವನು ಸುಮ್ಮನಿರಬೇಕಲ್ಲ. ತಾಸಿಗೊಮ್ಮೆ ಚೀಲಕ್ಕೆ ಕೈ ಹಾಕಿ ಹೊರತೆಗೆದು, ಧೂಳು ಒರೆಸಿ, ಗುಂಡಿ ಒತ್ತಿ, ಮತ್ತೆ ಹೂಳುತ್ತಿದ್ದ. ಮಹಾನಂದಾ ಹೊಲಿಯುತ್ತಲೇ ನೋಡುತ್ತಿದ್ದಳು. ಕೊನೆಗೆ ಮಷೀನು ನಿಲ್ಲಿಸಿ ಹೇಳಿದಳು:

“ಮಗಳಿಗಿ ಡೆಂಗಿ ಬಂದಾಗ ಒಂದ್ಸಲನೂ ಎದ್ದು ಹಣಿ ಮುಟ್ಟಿ ನೋಡಿಲ್ಲ ನೀವು. ಇದಕ್ಕ ಎಷ್ಟ್ ಸಲ ಎದ್ರಿ?”

ಅವನು, ಇದರಲ್ಲಿ ನೂರಾರು ಮನೆಯ ಮರ್ಯಾದೆ ಇದೆ ಎಂದ. ಅವಳು ಮತ್ತೆ ಮಷೀನು ತುಳಿಯತೊಡಗಿದಳು.

ಜೋಳದ ಮೇಲೂ ಅವನ ನಂಬಿಕೆ ಹೋಯಿತು. ಮಹಾನಂದಾ ರೊಟ್ಟಿ ಬಡಿದೆದ್ದ ಮೇಲೆ ಕಾದ ಹಂಚಿನ ಪಕ್ಕ ಫೋನು ಒರಗಿಸಿಟ್ಟ. ಒಳಗಿನ ಅಂಟು ಕರಗಿ ಹಿಂದಿನ ಮುಚ್ಚಳ ಉಬ್ಬಿ, ಹಂಚಿನ ಮೇಲಿನ ರೊಟ್ಟಿಯ ಹಾಗೆಯೇ ಎದ್ದು ನಿಂತಿತು. ಆಗ ಅದನ್ನು ಒರೆಸುವ ಬಟ್ಟೆಯಲ್ಲಿ ಸುತ್ತಿಕೊಂಡು ಖಮರನ ಅಂಗಡಿಗೆ ಹೋದ.

ಜೇವರ್ಗಿಯಲ್ಲಿ ಮೊಬೈಲ್ ರಿಪೇರಿಗೆ ಖಮರನದು ದೊಡ್ಡ ಹೆಸರು. ಹೆಸರು ದೊಡ್ಡದಾದದ್ದು ಅವನು ಮಾತಾಡುತ್ತಿದ್ದುದರಿಂದ, ಕೆಲಸದಿಂದ ಅಲ್ಲ. ಹಣೆಗೆ ದೀಪ ಕಟ್ಟಿಕೊಂಡು, ಬಂದ ಪ್ರತಿ ಫೋನನ್ನು ರೋಗಿಯ ಹಾಗೆ ಅಂಗಾತ ಮಲಗಿಸುತ್ತಿದ್ದ. ಗುರುಶಾಂತಪ್ಪನ ಫೋನಿನ ಚಾರ್ಜಿನ ಕಿಂಡಿಯಿಂದ ಚಿಮಟದಲ್ಲಿ ಮೊದಲು ಒಂದು ಜೋಳದ ಕಾಳಿನ ಚೂರು ತೆಗೆದ, ಆಮೇಲೆ ಹಿಟ್ಟು, ಆಮೇಲೆ ಭೀಮೆಯ ಕೆಸರು.

“ಚಾಚಾ, ಬಿತ್ತಿಗೆ ಮಾಡೀರೇನ್ರಿ ಇದರಾಗ?” ಎಂದ.

ಗುರುಶಾಂತಪ್ಪನಿಗೆ ಸಿಟ್ಟು ಬಂತು. ಹೇಗೆ ಬಿಚ್ಚಬೇಕು, ಯಾವ ಸ್ಕ್ರೂ ಮೊದಲು ತೆಗೆಯಬೇಕು, ಯಾವ ಎಣ್ಣೆ ಬಿಡಬೇಕು ಎಂದು ಖಮರನಿಗೇ ಪಾಠ ಹೇಳಿದ. ಖಮರನೂ ಸೋಲುವವನಲ್ಲ, ಎರಡು ದಿನದಲ್ಲಿ ಫೋನು ಎದ್ದು ಕೂತು ಸಲಾಮು ಹೇಳುತ್ತದೆ ಎಂದ. ಎರಡು ದಿನ ಫೋನನ್ನು ಟೇಬಲ್ಲಿನ ಗೂಡಿನಲ್ಲಿ ಇಟ್ಟು ಮರೆತ. ಗುರುಶಾಂತಪ್ಪ ತಿರುಗಿ ಬಂದಾಗ ಅವನೆದುರಿಗೇ ಬ್ರಶ್ಶಿನಲ್ಲಿ ಏನೋ ಔಷಧ ಹಚ್ಚಿ ತಿಕ್ಕಿ, ಯಂತ್ರದ ತಂತಿ ಮುಟ್ಟಿಸಿ ನೋಡಿ, ಇದು ನೀರಿನಿಂದ ಹೋದದ್ದಲ್ಲ, ನೀರಿಗೆ ಬಿದ್ದ ಮೇಲೆ ನೀವು ಒತ್ತಿ ಒತ್ತಿ ಕೊಂದದ್ದು ಎಂದ. ಆಳಂದದಲ್ಲಿ ನಮ್ಮ ಉಸ್ತಾದ್ ಇದ್ದಾರೆ, ಅವರ ಹತ್ತಿರ ಬೋರ್ಡು ತೊಳೆಯುವ ಮಷೀನು ಇದೆ, ಅಲ್ಲಿಗೆ ಒಯ್ಯಿರಿ ಎಂದು ಕೈ ತೊಳೆದುಕೊಂಡ.

ಈ ದಿನಗಳಲ್ಲೆಲ್ಲ ಗೌರಾಬಾಯಿ ಇಜೇರಿಯಿಂದ ಗುರುಶಾಂತಪ್ಪನ ನಂಬರಿಗೆ ಫೋನು ಹಚ್ಚುತ್ತಲೇ ಇದ್ದಳು. ಸ್ವಿಚ್ ಆಫ್ ಎಂದು ಹೆಣ್ಣುದನಿ ಹೇಳುತ್ತಿತ್ತು. ಮೊದಲು ಚಿಂತೆಯಾಯಿತು, ಆಮೇಲೆ ಅನುಮಾನ ಬಂತು. ಆಳಂದದವರು ಬೇಡವೆಂದಿರಬೇಕು, ಅದನ್ನು ಹೇಳಲಾರದೆ ಫೋನು ಬಂದ್ ಮಾಡಿಕೊಂಡಿದ್ದಾನೆ ಎಂದುಕೊಂಡಳು. ಬೇಡವೆಂದರೆ ಬೇಡ, ಅದನ್ನು ಅವರ ಬಾಯಿಂದಲೇ ಕೇಳಿ ಬಂದರೆ ಹುಡುಗಿಯಾದರೂ ಊಟ ಮಾಡುತ್ತಾಳೆ. ಆಳಂದ, ಟ್ರ್ಯಾಕ್ಟರ್ ಸಾಮಾನಿನ ಅಂಗಡಿ, ಸಂತೋಷಕುಮಾರ. ಒಂದು ಊರಲ್ಲಿ ಒಂದು ಅಂಗಡಿ ಹುಡುಕಲು ಇನ್ನೇನು ಬೇಕು. ಭಾವ ಹುಲೆಪ್ಪನನ್ನು ಕರೆದುಕೊಂಡು ಬೆಳಗಿನ ಬಸ್ಸಿಗೆ ಹೊರಟಳು. ಕಲಬುರಗಿಯಲ್ಲಿ ಬಸ್ಸು ಬದಲಿಸಿ ಆಳಂದದಲ್ಲಿ ಇಳಿದು ಕೇಳಿದ ಮೊದಲ ಮನುಷ್ಯನೇ ಅಂಗಡಿ ತೋರಿಸಿದ.

ಗುರುಶಾಂತಪ್ಪ ಆಳಂದಕ್ಕೆ ಹೋದದ್ದೂ ಅದೇ ದಿನ, ಅವರ ನಂತರದ ಬಸ್ಸಿಗೆ. ಉಸ್ತಾದರು ಫೋನು ಬಿಚ್ಚಿ ನೋಡಿ ಸಂಜೆ ಬನ್ನಿ ಎಂದರು. ಸಂಜೆಯತನಕ ಎಲ್ಲಿ ಕೂಡುವುದು? ಭುವನೇಶ್ವರಿಯ ಮನೆ ಹತ್ತಿರದಲ್ಲೇ ಇತ್ತು. ಹೋಗಿ ಕೂತರೆ ಊಟವೂ ಆಗುತ್ತದೆ, ದುಃಖದ ಮನೆಯ ಸುದ್ದಿಯನ್ನು ಇನ್ನೊಂದು ತಿಂಗಳು ಮುಂದಕ್ಕೆ ತಳ್ಳಿದಂತೆಯೂ ಆಗುತ್ತದೆ. ದಾರಿಯಲ್ಲಿ ಅಂಗಿಯ ಕಾಲರು ಸರಿ ಮಾಡಿಕೊಂಡ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, “ಶರಣರಿ” ಎನ್ನುತ್ತ ಒಳಗೆ ಕಾಲಿಟ್ಟ.

ಎದುರಿನ ಕುರ್ಚಿಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಹುಲೆಪ್ಪ ಕೂತಿದ್ದ. ಕೈಯಲ್ಲಿ ಸುಸಲಾದ ತಾಟು. ಪಕ್ಕದ ಚಾಪೆಯ ಮೇಲೆ ಗೌರಾಬಾಯಿ, ಗೋಡೆಗೆ ಒರಗಿ ಭುವನೇಶ್ವರಿ. ಮಗ ಅಂಗಡಿ ಬಿಟ್ಟು ಬಂದು ಬಾಗಿಲ ಸಂದಿಯಲ್ಲಿ ನಿಂತಿದ್ದ. ಅವರ ಮಾತು ಆಗಲೇ ಬಹಳ ದೂರ ಬಂದಿತ್ತು. ತಾನು ನೌಕರಿ ಬೇಡ ಎಂದಿಲ್ಲ, ನಮ್ಮ ಮನೆಗೊಬ್ಬಳು ನರ್ಸ್ ಬರುತ್ತಾಳೆಂದು ಓಣಿಗೆಲ್ಲ ಹೇಳಿಕೊಂಡು ಬಂದಿದ್ದೇನೆ ಎಂದು ಭುವನೇಶ್ವರಿ ಹೇಳಿಯಾಗಿತ್ತು. ತಾವು ರಾಶಿಯ ಮಾತು ಎತ್ತಿಲ್ಲ, ಮನೆಯಲ್ಲಿ ಸಾವೂ ಆಗಿಲ್ಲ ಎಂದು ಗೌರಾಬಾಯಿ ಹೇಳಿಯಾಗಿತ್ತು. ಇಬ್ಬರು ತಾಯಂದಿರೂ ಆ ಮಾತುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡುತ್ತಿದ್ದ ಹೊತ್ತಿಗೆ ಸರಿಯಾಗಿ ಅವನು ಬಂದಿದ್ದ.

ಯಾರೂ ಕೂಡ್ರಿ ಅನ್ನಲಿಲ್ಲ. ಭುವನೇಶ್ವರಿಯೇ ಮೊದಲು ಬಾಯಿ ತೆರೆದಳು.

“ಬರ್ರಿ ಗುರುಶಾಂತಪ್ಪನೋರೇ. ಲಿಂಗೈಕ್ಯ ಆದವ್ರು ಬಂದಾರ. ಮಾತಾಡಸ್ರಿ.”

ಗುರುಶಾಂತಪ್ಪನ ಮುಖದ ವಿಭೂತಿಯೂ ಮುಖವೂ ಒಂದೇ ಬಣ್ಣವಾದವು. ಅದು ಬೇರೆ ಹುಲೆಪ್ಪನ ಸುದ್ದಿ, ಫೋನಿನಲ್ಲಿ ಸರಿಯಾಗಿ ಕೇಳಿಸಿರಲಿಲ್ಲ ಎಂದ. ಯಾವ ಹುಲೆಪ್ಪ ಎಂದು ಹುಲೆಪ್ಪನೇ ಕೇಳಿದ. ಗುರುಶಾಂತಪ್ಪ ಒಂದು ಊರಿನ ಹೆಸರು ಹೇಳಿದ. ಆ ಊರಲ್ಲಿ ತನಗೆ ಗೊತ್ತಿರದ ಮನೆಯಿಲ್ಲ, ಆ ಹೆಸರಿನವರೂ ಇಲ್ಲ ಎಂದು ಹುಲೆಪ್ಪ ಸಮಾಧಾನದಿಂದಲೇ ಹೇಳಿ ಸುಸಲಾ ತಿನ್ನುವುದನ್ನು ಮುಂದುವರಿಸಿದ. ಆಗ ಗುರುಶಾಂತಪ್ಪ ಫೋನಿನ ಕತೆ ತೆಗೆದ. ಭೀಮೆ, ಪಾಚಿ, ಜೋಳದ ಚೀಲ, ಖಮರ, ಉಸ್ತಾದ್. ಎಲ್ಲರದ್ದೂ ತಪ್ಪಿತ್ತು, ಅವನೊಬ್ಬನದು ಇರಲಿಲ್ಲ. ಫೋನು ಹೋಗದಿದ್ದರೆ ಇಷ್ಟೊತ್ತಿಗೆ ನಿಶ್ಚಯವೇ ಆಗಿರುತ್ತಿತ್ತು ಎಂದ.

ಗೌರಾಬಾಯಿ ಈಗ ಎದ್ದು ನಿಂತಳು. ದನಿ ಏರಿಸಲಿಲ್ಲ.

“ನನ್ನ ಮಗಳು ಅನ್ನ ಬಿಟ್ಟಾಳಂತ ನಿಮ್ ಮುಂದ ಅತ್ತೇನಿ ನಾ. ಆಗ ನಿಮ್ ಫೋನು ಚಲೋನೇ ಇತ್ತಲ್ರಿ. ನೀವು ಚಾ ಕುಡಿದು, ಇನ್ನೊಂದು ಕಪ್ ಹಾಕ್ರಿ ಅಂದ್ರಿ.”

ಅವನು ಏನೋ ಹೇಳಲು ಹೋದ.

“ಏನೂ ಹೇಳಬ್ಯಾಡ್ರಿ. ನಿಮಗ ಸಿಟ್ಟಿಲೆ ಬೈಯೂವಷ್ಟು ಬೆಲಿನೂ ನಾ ಕೊಡಂಗಿಲ್ಲ. ಆ ನೀರಿಗಿ ಬಿದ್ದ ಫೋನಿಗಾದ್ರ ರಿಪೇರಿ ಅಂತೊಂದು ಅದ.”

ಸಂತೋಷಕುಮಾರ ಬಾಗಿಲು ಬಿಟ್ಟು ಸರಿದು ನಿಂತ. ಹೊರಗೆ ಹೋಗಲು ದಾರಿ ಬಿಟ್ಟನೆಂದು ಗುರುಶಾಂತಪ್ಪನಿಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಚಪ್ಪಲಿ ಮೆಟ್ಟಿಕೊಳ್ಳುವಾಗ ಒಳಗೆ ಭುವನೇಶ್ವರಿ, ಅಕ್ಕೋರೇ, ನಿಮ್ಮ ನಂಬರು ಹೇಳಿರಿ ಎನ್ನುವುದು ಕೇಳಿಸಿತು. ಗೌರಾಬಾಯಿ ಒಂದೊಂದೇ ಅಂಕಿ ಹೇಳುತ್ತಿದ್ದಳು. ಎಷ್ಟೋ ತಿಂಗಳು ಹೆಬ್ಬೆರಳಿನ ಕೆಳಗೆ ಅವನು ಮುಚ್ಚಿಟ್ಟದ್ದು ಅರ್ಧ ನಿಮಿಷದಲ್ಲಿ ಮುಗಿಯಿತು.

ಅವನು ಸೀದಾ ಬಸ್ ಸ್ಟ್ಯಾಂಡಿಗೆ ಹೋದ, ನಿಂತಿದ್ದ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತ. ಬಸ್ಸು ಊರು ದಾಟಿದ ಮೇಲೆ ಕೈ ತಾನಾಗಿಯೇ ಎದೆಯ ಜೇಬಿಗೆ ಹೋಯಿತು. ಫೋನು ಉಸ್ತಾದರ ಅಂಗಡಿಯಲ್ಲೇ ಇತ್ತು. ಇಳಿಯಲು ಎದ್ದ, ಮತ್ತೆ ಕೂತ. ಹಿಂದಕ್ಕೆ ಹೋದರೆ ಭುವನೇಶ್ವರಿಯ ಮನೆಯ ಮುಂದಿನಿಂದಲೇ ಹಾಯಬೇಕು. ತನಗಾದ ಅನ್ಯಾಯವನ್ನು ಯಾರಿಗಾದರೂ ಹೇಳಬೇಕೆನಿಸಿತು. ಅಷ್ಟೊಂದು ನಂಬರುಗಳನ್ನು ಕೂಡಿಹಾಕಿದವನಿಗೆ ಒಂದೂ ಬಾಯಿಪಾಠವಿರಲಿಲ್ಲ. ಮಹಾನಂದಾಳದು ಕೂಡ. ಕಲಬುರಗಿ ಬರುವವರೆಗೆ ಕಟಾವಾದ ತೊಗರಿ ಹೊಲಗಳನ್ನು ನೋಡುತ್ತ ಕೂತ. ಆಗ ಅವನಿಗೆ ನಾಚಿಕೆಯಾಗಿರಬಹುದು. ಆಗಿದ್ದರೂ ಅದು ಜೇವರ್ಗಿಯತನಕ ಬರಲಿಲ್ಲ. ಮನೆಯಲ್ಲಿ ಅವನು ಹೇಳಿದ್ದು, ಈ ಕಾಲದ ಜನಕ್ಕೆ ಉಪಕಾರ ಮಾಡಬಾರದು ಎಂದು.

ಫೋನಿನ ಗತಿ ಖಮರನಿಂದ ತಿಳಿಯಿತು. ವಾರದ ಮೇಲೆ ಗುರುಶಾಂತಪ್ಪ ವಿಚಾರಿಸಿದಾಗ ಖಮರ ಉಸ್ತಾದರನ್ನು ಮಾತಾಡಿಸಿ ಬಂದು ಹೇಳಿದ:

“ಬೋರ್ಡ್ ಖತಂ ಅಂತ್ರಿ ಚಾಚಾ. ಗ್ಲಾಸ್ ಚಲೋ ಇತ್ತಂತ, ಅದನ್ನ ಬ್ಯಾರೆದಕ್ಕ ಹಾಕ್ಯಾರ. ನೀವು ಬರ್ಲಿಲ್ಲಂತ ಬಿಟ್ಟೀರಿ ತಿಳ್ಕೊಂಡಾರ.”

ಗುಂಪು ಅವನಿಲ್ಲದೆಯೂ ನಡೆಯಿತು. ಆಳಂದದ ಸುದ್ದಿ ಹಬ್ಬಿದ ಮೇಲೆ ಜನ ತಮ್ಮ ತಮ್ಮ ವಿವರಗಳನ್ನು ನಂಬರು ಸಮೇತ ತಾವೇ ಹಾಕತೊಡಗಿದರು. ಹೊಸ ಫೋನು, ಹೊಸ ನಂಬರಿನಿಂದ ಗುರುಶಾಂತಪ್ಪ ಅದರೊಳಗೆ ಸೇರಿಸಿರಿ ಎಂದು ಕೇಳಿಕೊಂಡ. ಸೇರಿಸಿದರು. ಬೆಳಗಾದರೆ ಅವನು ಹೂವಿನ ಚಿತ್ರದ ಮೇಲೆ ಶುಭೋದಯ ಕಳಿಸುತ್ತಾನೆ.

ವಿದ್ಯಾವತಿಯ ಮದುವೆ ಯುಗಾದಿ ದಾಟಿದ ಮೇಲೆ ಜೇವರ್ಗಿಯಲ್ಲೇ ಆಯಿತು. ಅವಳು ಈಗ ಆಳಂದಕ್ಕೆ ವರ್ಗ ಕೇಳಿಕೊಂಡಿದ್ದಾಳೆ. ಗೌರಾಬಾಯಿ ಆಮಂತ್ರಣ ಕೊಡಲು ತಾನೇ ಬಂದಿದ್ದಳು. ಅದನ್ನು ಮಹಾನಂದಾಳ ಕೈಗೆ ಕೊಟ್ಟು, ಅಕ್ಕಾ, ನೀವು ಬರಬೇಕು ಎಂದಳು. ಪಡಸಾಲೆಯಲ್ಲಿ ಕೂತಿದ್ದ ಗುರುಶಾಂತಪ್ಪನ ಕಡೆ ನೋಡಲಿಲ್ಲ. ಮಹಾನಂದಾ ಒಬ್ಬಳೇ ಹೋದಳು. ತಾನು ಬರುವುದಿಲ್ಲ, ಕರೆಯಲು ಬಂದರೆ ನೋಡೋಣ ಎಂದು ಅವನು ಇಸ್ತ್ರಿ ಅಂಗಿ ಹಾಕಿಕೊಂಡು ಮನೆಯಲ್ಲೇ ಕೂತ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಅವಳು ತಿರುಗಿ ಬಂದಳು. ಹುಗ್ಗಿ ಚಲೋ ಆಗಿತ್ತು, ಹುಡುಗಿ ಚಂದ ಕಾಣುತ್ತಿದ್ದಳು ಎಂದಳು.

ಅವನು ಕೇಳಿದ: “ನನ್ನ ಯಾರರೆ ಕೇಳಿದ್ರೇನು?”

“ಇಲ್ರಿ.”

“ಗದ್ಲದಾಗ ಇದ್ದಿರಬೇಕು,” ಎಂದ.

ಮಹಾನಂದಾ ರೇಷ್ಮೆ ಸೀರೆ ಬಿಚ್ಚಿಡಲು ಒಳಗೆ ಹೋದಳು.